ಅವಳ ಮಾತಿಗೆ ಅವನ ಕೈಗಳು

ಅವನ ಕೈಗಳು ಇದ್ದಕ್ಕಿದ್ದಂತೆ ಗಾಳಿಯಲ್ಲೇ ನಿಂತುಬಿಟ್ಟವು.

ಎದುರಿಗೆ ಸಾಲುಗಟ್ಟಿದ ಕ್ಯಾಮೆರಾಗಳು. ಎಲ್ಲ ವಾಹಿನಿಗಳಲ್ಲೂ ನೇರ ಪ್ರಸಾರ. ನೀರು ಸರಬರಾಜು ಇಲಾಖೆಯ ಹೊಸ ವಕ್ತಾರೆಯಾಗಿ ಅವಳ ಮೊದಲ ಪತ್ರಿಕಾಗೋಷ್ಠಿ ಅದು. ಪಕ್ಕದಲ್ಲಿ ಕಪ್ಪು ಅಂಗಿ ತೊಟ್ಟ ಎತ್ತರದ ಮನುಷ್ಯನೊಬ್ಬ ನಿಂತು, ಅವಳ ಒಂದೊಂದು ಮಾತನ್ನೂ ಕಿವಿ ಕೇಳಿಸದವರಿಗಾಗಿ ಸನ್ನೆ ಭಾಷೆಗೆ ತಿರುಗಿಸುತ್ತಿದ್ದ. ಅಲ್ಲಿಯವರೆಗೆ ಸರಾಗವಾಗಿ ಓಡುತ್ತಿದ್ದ ಕೈಗಳು ಒಂದು ವಾಕ್ಯಕ್ಕೆ ಬಂದು ಎಡವಿದ್ದವು.

"ದೂರುಗಳನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಇಷ್ಟೇ ಅವಳು ಓದಿದ್ದು.

ಅವನು ಅವಳ ಕಡೆ ಬಾಗಿ ಮೆಲ್ಲಗೆ ಕೇಳಿದ. ಮೆಲ್ಲಗೆ ಅಂದುಕೊಂಡಿದ್ದು ಅವನು ಮಾತ್ರ. ಅವಳ ಮುಂದಿದ್ದ ಮೈಕುಗಳ ರಾಶಿ ಆ ಪಿಸುಮಾತನ್ನು ಮನೆಮನೆಗೂ ತಲುಪಿಸಿತು.

"ಯಾರು, ಮೇಡಂ?"

"ಏನು ಯಾರು?"

"ಕ್ರಮ ಕೈಗೊಳ್ಳೋದು ಯಾರು? ನೋಡ್ತಿರೋರಿಗೆ ಕೈಯಲ್ಲಿ ತೋರಿಸ್ಬೇಕಲ್ಲ. ಯಾರೋ ಒಬ್ಬರು ಬೇಕು."

ಮುಂದಿನ ಸಾಲಿನ ವರದಿಗಾರರು ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು. ಯಾರಿವನು? ಮೊದಲ ದಿನವೇ ನನ್ನನ್ನು ನಗೆಪಾಟಲು ಮಾಡಲು ಹೊರಟಿದ್ದಾನಾ?

ಬೇರೆಯವರಾಗಿದ್ದರೆ ತಬ್ಬಿಬ್ಬಾಗುತ್ತಿದ್ದರು. ಆದರೆ ಅವಳು ಹತ್ತು ವರ್ಷಕ್ಕೂ ಮಿಕ್ಕಿ ರಾತ್ರಿ ಒಂಬತ್ತರ ವಾರ್ತೆ ಓದಿದವಳು. ಓದುತ್ತಿದ್ದಾಗಲೇ ಎದುರಿನ ಪರದೆ ಕಪ್ಪಾದದ್ದನ್ನು, ಚರ್ಚೆಯ ನಡುವೆ ಅತಿಥಿ ಎದ್ದು ನಡೆದದ್ದನ್ನು, ಸ್ಟುಡಿಯೋದ ದೀಪಗಳೇ ಹೋದದ್ದನ್ನು ಕಂಡವಳು. ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಒಳ್ಳೇ ಪ್ರಶ್ನೆ. ಕ್ರಮ ಕೈಗೊಳ್ಳೋದು ನಮ್ಮ ಮುಖ್ಯ ಎಂಜಿನಿಯರ್. ಈ ಶುಕ್ರವಾರದೊಳಗೆ. ಆಗದಿದ್ರೆ ಯಾಕೆ ಆಗ್ಲಿಲ್ಲ ಅಂತ ಶನಿವಾರ ನಾನೇ ಇಲ್ಲಿ ನಿಂತು ಹೇಳ್ತೀನಿ."

ಕೈಗಳು ಮತ್ತೆ ಓಡತೊಡಗಿದವು. ಹಿಂದಿನ ಕುರ್ಚಿಯಲ್ಲಿದ್ದ ಮುಖ್ಯ ಎಂಜಿನಿಯರ್ ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಸಭಾಂಗಣದ ಬಾಗಿಲು ಮುಚ್ಚುವವರೆಗೆ ಅವಳ ಮುಖದ ನಗು ಮಾಸಲಿಲ್ಲ. ಮುಚ್ಚಿದ ಮೇಲೆ ಮಾತ್ರ ಅವನನ್ನು ಕಾರಿಡಾರಿನಲ್ಲೇ ತಡೆದು ನಿಲ್ಲಿಸಿದಳು. ನೇರ ಪ್ರಸಾರದಲ್ಲಿ ತನ್ನ ಮಾತಿಗೆ ಇಲ್ಲಿಯವರೆಗೆ ಯಾರೂ ಅಡ್ಡ ಬಂದಿಲ್ಲವೆಂದೂ, ಇನ್ನು ಮುಂದೆಯೂ ಬರಕೂಡದೆಂದೂ ತಣ್ಣಗೆ ಹೇಳಿದಳು.

ಅವನು ಸಾವಧಾನವಾಗಿ ಕೇಳಿಸಿಕೊಂಡ.

"ನಡುವೆ ತಡೆದಿದ್ದು ತಪ್ಪು, ಕ್ಷಮಿಸಿ. ಆದ್ರೆ ಕೇಳಿದ್ದು ತಪ್ಪು ಅಂತ ನನಗನಿಸಲ್ಲ ಮೇಡಂ."

ಅಷ್ಟು ಹೇಳಿ ಹೊರಟೇಹೋದ. ಎಂಥ ಕೊಬ್ಬು ಎಂದುಕೊಂಡಳು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಇದ್ದದ್ದು ಅವನ ಮುಖವಲ್ಲ... ಆ ಉದ್ದನೆಯ ಬೆರಳುಗಳು.

* * *

ವಾಹಿನಿಯ ಕೆಲಸ ಬಿಡುತ್ತೇನೆಂದಾಗ ಅವಳ ಸಂಪಾದಕರು ನಂಬಿರಲಿಲ್ಲ. ಪರದೆಯ ಮೇಲೆ ಅವಳ ಮುಖ, ರಸ್ತೆಬದಿಯ ಫಲಕಗಳಲ್ಲಿ ಅವಳ ಮುಖ. ಎಲ್ಲ ಬಿಟ್ಟು ಸರ್ಕಾರಿ ಕಚೇರಿಯ ಕಬ್ಬಿಣದ ಬೀರುಗಳ ನಡುವೆ ಕೂರುತ್ತೀಯಾ ಎಂದು ಕೇಳಿದ್ದರು.

ಅವಳಿಗೆ ಪ್ರಶ್ನೆ ಕೇಳಿ ಸಾಕಾಗಿತ್ತು. ದಿನಾ ರಾತ್ರಿ ನಾಲ್ಕು ಜನರನ್ನು ಕೂರಿಸಿ, ಅವರು ಕಿರುಚಾಡಿ, ಗಂಟೆ ಮುಗಿದ ಮೇಲೆ ಎಲ್ಲರೂ ಕೈಕುಲುಕಿ ಮನೆಗೆ ಹೋಗುವುದು. ಮರುದಿನ ನಲ್ಲಿಯಲ್ಲಿ ಅದೇ ನೀರು, ರಸ್ತೆಯಲ್ಲಿ ಅದೇ ಗುಂಡಿ. ಆ ಹೊತ್ತಿಗೆ ನೀರಿನ ಇಲಾಖೆಯ ಸಚಿವೆ ಕರೆದು, ತಮ್ಮ ಇಲಾಖೆ ಬಾಯಿ ಬಿಟ್ಟರೆ ಜನಕ್ಕೆ ಒಂದಕ್ಷರವೂ ಅರ್ಥವಾಗುವುದಿಲ್ಲ, ನೀನು ಬಂದು ಸರಿಮಾಡು ಎಂದಿದ್ದರು. ಆ ಹಿರಿಯ ಹೆಂಗಸು ನೇರ ಮಾತಿನವರು. ಅವಳು ಒಪ್ಪಿಕೊಂಡಳು.

ಅವಳ ಜೊತೆ ಇದ್ದದ್ದು ಸೋದರತ್ತೆಯೊಬ್ಬರೇ. ತಂದೆಯ ಅಕ್ಕ, ಟೆಲಿಫೋನ್ ಕಚೇರಿಯಲ್ಲಿ ಆಪರೇಟರಾಗಿ ನಿವೃತ್ತರಾದವರು. ಮಾತು ಕೇಳುವುದರಲ್ಲೂ ಕದ್ದು ಕೇಳುವುದರಲ್ಲೂ ನುರಿತವರು. ಇಷ್ಟು ವರ್ಷ ನೀನು ಊರಿನವರ ಕಿವಿ ಹಿಂಡಿದೆ, ಇನ್ನು ಊರಿನವರು ನಿನ್ನ ಕಿವಿ ಹಿಂಡುತ್ತಾರೆ ಎಂದು ಅವರು ಆಶೀರ್ವಾದ ಮಾಡಿ ಕಳಿಸಿದ್ದರು.

ಎರಡನೇ ಪತ್ರಿಕಾಗೋಷ್ಠಿಯ ಬೆಳಿಗ್ಗೆ ಅವಳು ಅವನನ್ನು ತನ್ನ ಕೋಣೆಗೆ ಕರೆಸಿದಳು. ಸಿಟ್ಟು ಇಳಿದಿತ್ತು, ಕುತೂಹಲ ಉಳಿದಿತ್ತು. ಓದಬೇಕಾದದ್ದನ್ನು ಮುಂಚೆಯೇ ಅವನ ಮುಂದಿಟ್ಟು, ಎಲ್ಲೆಲ್ಲಿ ಕೈ ನಿಲ್ಲುತ್ತದೋ ಈಗಲೇ ಹೇಳಿಬಿಡಿ ಎಂದಳು.

ಅವನು ಪೆನ್ಸಿಲ್ ಹಿಡಿದು ಕೂತ. 'ಸೂಚಿಸಲಾಗಿದೆ' ಅಂದರೆ ಯಾರು ಯಾರಿಗೆ ಸೂಚಿಸಿದರು? 'ಶೀಘ್ರದಲ್ಲಿ' ಅಂದರೆ ನಾಳೆಯೋ, ಮುಂದಿನ ವರ್ಷವೋ? ಹಾಗೆಯೇ ದಾಟಿಸಿಬಿಡಬಹುದು, ಆದರೆ ಆಮೇಲೆ ಅವನ ಫೋನಿಗೆ ನೂರಾರು ಜನ ವಿಡಿಯೋ ಕರೆ ಮಾಡಿ ಬೆರಳಾಡಿಸಿ ಕೇಳುತ್ತಾರಂತೆ. ಅವರಲ್ಲಿ ಮೊದಲನೆಯವರು ಅವನ ತಾಯಿ.

ಆ ತಾಯಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಹೊಲಿಗೆ ಮಾಡಿ ಒಬ್ಬನೇ ಮಗನನ್ನು ಸಾಕಿದವರು. ಅವನು ಬಾಯಿಂದ ಮಾತು ಕಲಿಯುವ ಮೊದಲೇ ಕೈಯಿಂದ ಕಲಿತಿದ್ದ. ಈಗ ಕಿವುಡ ಮಕ್ಕಳ ಶಾಲೆಯಲ್ಲಿ ಮೇಷ್ಟ್ರು. ಪತ್ರಿಕಾಗೋಷ್ಠಿ ಇದ್ದ ದಿನ ಮಾತ್ರ ಇಲ್ಲಿಗೆ ಬರುತ್ತಿದ್ದ. ಹಾಗಾಗಿ ವರದಿಗಾರರೆಲ್ಲ ಅವನನ್ನು ಕರೆಯುತ್ತಿದ್ದುದೇ 'ಮೇಷ್ಟ್ರೇ' ಎಂದು.

ದಿನ ಕಳೆದಂತೆ ಅವಳ ಹೇಳಿಕೆಗಳಿಂದ 'ಲಾಗುವುದು' ಮಾಯವಾಯಿತು. ಯಾವ ಬೀದಿ, ಯಾವ ದಿನ, ಯಾವ ಅಧಿಕಾರಿ ಎಲ್ಲವೂ ಬಂದವು. ಹಳೆಯ ಸಹೋದ್ಯೋಗಿಗಳು ಅವಳಿಗೆ 'ಕರ್ತೃಪದ ಮೇಡಂ' ಎಂದು ಹೆಸರಿಟ್ಟರು. ಕೇಳಿ ಅವಳಿಗೆ ಹೆಮ್ಮೆಯೇ ಆಯಿತು. ಅವಳೂ ಅವನನ್ನು ಬಿಡಲಿಲ್ಲ. ಕ್ಯಾಮೆರಾದ ಮುಂದೆ ಹೇಗೆ ನಿಂತರೆ ಕೈಗಳು ಚೌಕಟ್ಟಿನಿಂದ ಹೊರಹೋಗುವುದಿಲ್ಲ, ಬೆಳಕು ಯಾವ ಕಡೆಯಿಂದ ಬಿದ್ದರೆ ಬೆರಳು ಸ್ಪಷ್ಟ ಕಾಣುತ್ತದೆ ಎಂದು ಕಲಿಸಿದಳು. ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟಿದ್ದ ಅವನನ್ನು ತನ್ನ ಸಮಕ್ಕೆ ತೋರಿಸಬೇಕೆಂದು ಎಲ್ಲ ವಾಹಿನಿಗಳ ಜೊತೆ ಹಟ ಹಿಡಿದು ಗೆದ್ದಳು.

ಕೆಲಸ ಮುಗಿದ ಮೇಲೂ ಕಾಫಿಯ ನೆಪದಲ್ಲಿ ಮಾತು ಮುಂದುವರಿಯುತ್ತಿತ್ತು. ಒಂದು ದಿನ ಅವನು ತನ್ನ ನಿಂತುಹೋದ ಮದುವೆಯ ಬಗ್ಗೆ ಹೇಳಿದ. ಎಲ್ಲ ನಿಶ್ಚಯವಾದ ಮೇಲೆ ಹುಡುಗಿಯ ಕಡೆಯವರು ಒಂದೇ ಒಂದು ಕೇಳಿದ್ದರಂತೆ: ತಾಯಿಯನ್ನು ಬೇರೆ ಮನೆಯಲ್ಲಿ ಇಡಬಹುದಾ? ಅವನು ಅಲ್ಲಿಂದಲೇ ಎದ್ದು ಬಂದಿದ್ದ. ಅವಳಿಗೂ ಒಂದು ನಿಶ್ಚಿತಾರ್ಥ ಮುರಿದಿತ್ತು. ಮದುವೆಯಾದ ಮೇಲೆ ರಾತ್ರಿ ವಾರ್ತೆ ಬಿಡಬೇಕೆಂದು ಗಂಡು ಕೇಳಿದಾಗ, ವಾರ್ತೆಯ ಬದಲು ಅವನನ್ನೇ ಬಿಟ್ಟಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಒಂದು ಸಂಜೆ ಸೋದರತ್ತೆ ಟಿವಿ ನೋಡುತ್ತಾ ಸಹಜವೆಂಬಂತೆ ಕೇಳಿದರು.

"ನಿನ್ನ ಮಾತು ಮುಗಿದ ಮೇಲೂ ಆ ಹುಡುಗ ನಿನ್ನ ಕಡೆ ಸ್ವಲ್ಪ ಹೊತ್ತು ನೋಡ್ತಾನೆ. ಅದೂ ಅನುವಾದಾನಾ?"

ಅವಳು ಎದ್ದು ಅಡುಗೆಮನೆಗೆ ಹೋದಳು. ಹೋದವಳಿಗೆ ಯಾಕೆ ಬಂದೆ ಎಂಬುದೇ ನೆನಪಾಗಲಿಲ್ಲ.

* * *

ಹಳೇ ಮಾರುಕಟ್ಟೆಯ ಹಿಂದಿನ ಬಡಾವಣೆಯಿಂದ ಸುದ್ದಿ ಬಂದದ್ದು ಬೆಳಿಗ್ಗೆ. ನಲ್ಲಿಯಲ್ಲಿ ಕಲಕು ನೀರು ಬರುತ್ತಿದೆ, ಮಕ್ಕಳು ಮುದುಕರೆನ್ನದೆ ವಾಂತಿಯಾಗಿ ಆಸ್ಪತ್ರೆ ಸೇರುತ್ತಿದ್ದಾರೆ. ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಗಿತ್ತು. ಫಲಿತಾಂಶ ಮರುದಿನವೇ.

ಅವಳು ಹೇಳಿಕೆ ಬರೆದಳು: ಫಲಿತಾಂಶ ಬರುವವರೆಗೆ ಆ ಬಡಾವಣೆಯವರು ನಲ್ಲಿ ನೀರು ಕುಡಿಯಬೇಡಿ. ಸಚಿವೆಯ ಆಪ್ತ ಕಾರ್ಯದರ್ಶಿ ಅದನ್ನು ನೋಡಿ ತಲೆ ಅಲ್ಲಾಡಿಸಿದರು. ಊರಿಗೆ ಊರೇ ಗಾಬರಿಯಾಗುತ್ತದೆ, ಸಚಿವೆ ಪ್ರವಾಸದಲ್ಲಿದ್ದಾರೆ, ಇದು ಅವರದೇ ಮಾತು ಎಂದು ಹೇಳಿ ಬೇರೆ ಸಾಲು ಬರೆದುಕೊಟ್ಟರು. ಆತಂಕಪಡುವ ಅಗತ್ಯವಿಲ್ಲ, ಬೇಕೆನಿಸಿದವರು ನೀರನ್ನು ಕುದಿಸಿ ಕುಡಿಯಬಹುದು.

ಅವಳು ವಾದಿಸಿದಳು. ಸಚಿವೆಗೆ ಫೋನ್ ಮಾಡಿದಳು, ಸಿಗಲಿಲ್ಲ. ಹೊರಗೆ ಕ್ಯಾಮೆರಾಗಳು ಕಾಯುತ್ತಿದ್ದವು. ಕುದಿಸಿ ಅನ್ನುವ ಮಾತಾದರೂ ಇದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹೋಗಿ ಓದಿದಳು. ಮೇಷ್ಟ್ರ ಜೊತೆ ಕೂತು ನೋಡಲು ಅಂದು ಸಮಯವೇ ಇರಲಿಲ್ಲ. ಓದುವಾಗ ಅವನ ಮುಖ ನೋಡಲು ಧೈರ್ಯವೂ ಇರಲಿಲ್ಲ.

ಸಂಜೆಯ ಹೊತ್ತಿಗೆ ಅವಳ ಹಳೆಯ ವಾಹಿನಿಯಲ್ಲೇ ಬ್ರೇಕಿಂಗ್ ನ್ಯೂಸ್. ಸನ್ನೆ ಭಾಷೆ ಬಲ್ಲವರೊಬ್ಬರು ಪತ್ತೆ ಹಚ್ಚಿದ್ದರು. ವಕ್ತಾರೆ 'ಬೇಕೆನಿಸಿದವರು ಕುದಿಸಿ ಕುಡಿಯಬಹುದು' ಎಂದಾಗ ಪಕ್ಕದವನ ಕೈಗಳು ಹೇಳಿದ್ದೇ ಬೇರೆ. 'ಕುದಿಸದೆ ಒಂದು ಹನಿಯನ್ನೂ ಬಾಯಿಗೆ ಹಾಕಬೇಡಿ.'

ಅವಳು ಆ ತುಣುಕನ್ನು ಮತ್ತೆ ಹಾಕಿ ನೋಡಿದಳು. ನನ್ನ ಪಕ್ಕದಲ್ಲೇ ನಿಂತು, ನನ್ನ ಬಾಯಲ್ಲಿ ಬೇರೆ ಮಾತು ತುರುಕಿದನಾ? ಅಷ್ಟು ದಿನ ಕೂತು ಮಾತಾಡಿದ್ದೆಲ್ಲ ಏನಾಯಿತು? ಒಂದು ಮಾತು ನನಗೆ ಹೇಳಬಹುದಿತ್ತಲ್ಲ...

ಫೋನ್ ಕೈಗೆತ್ತಿಕೊಂಡಳು, ಇಟ್ಟಳು. ಅವನೇ ಮಾಡಲಿ ಎಂದುಕೊಂಡಳು. ಅವನು ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಆಪ್ತ ಕಾರ್ಯದರ್ಶಿ ಅವಳ ಕೋಣೆಗೆ ಬಂದು ಸಹಾನುಭೂತಿಯಿಂದ ಹೇಳಿದರು: ಮೇಷ್ಟ್ರು ರಾಜೀನಾಮೆ ಕೊಟ್ಟಿದ್ದಾರೆ. ಇವರ ಸುಳ್ಳಿಗೆ ನನ್ನ ಕೈ ಕೊಡಲಾರೆ ಅಂದರಂತೆ. ಅವಳಿಗೆ ಕೋಪಕ್ಕಿಂತ ಹೆಚ್ಚು ನೋವಾದದ್ದು ಅವನ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದಕ್ಕೆ.

ಅಷ್ಟರಲ್ಲಿ ಪ್ರಯೋಗಾಲಯದಿಂದ ಕರೆ ಬಂತು. ಕುಡಿಯುವ ನೀರಿನ ಕೊಳವೆ ಒಡೆದು ಅದಕ್ಕೆ ಚರಂಡಿ ನೀರು ಸೇರುತ್ತಿತ್ತು.

ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ಸಚಿವೆಯ ಕೋಣೆಗೆ ನಡೆದಳು. ಅವರು ಆಗಷ್ಟೇ ಪ್ರವಾಸದಿಂದ ಬಂದಿದ್ದರು. ಅವಳು ಕುಳಿತುಕೊಳ್ಳಲಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ತಾನು ಹೇಳಬೇಕಾದ್ದನ್ನು ತಾನೇ ಬರೆಯುವುದಾಗಿ ಹೇಳಿದಳು. ನೀರು ಕೆಟ್ಟಿದೆ, ಕೆಟ್ಟದ್ದು ನಮ್ಮ ಇಲಾಖೆಯಿಂದ, ಟ್ಯಾಂಕರ್ ಇಂಥ ಬೀದಿಗೆ ಇಂಥ ಹೊತ್ತಿಗೆ ಬರುತ್ತದೆ. ಇದರಲ್ಲಿ ಒಂದಕ್ಷರ ಬದಲಾದರೂ ಬೇರೆ ವಕ್ತಾರೆಯನ್ನು ಹುಡುಕಿಕೊಳ್ಳಬಹುದು.

ಸಚಿವೆ ಕನ್ನಡಕ ತೆಗೆದು ಅವಳನ್ನೇ ನೋಡಿದರು. ನಿನ್ನೆ ತನ್ನನ್ನು ಯಾರೂ ಏನೂ ಕೇಳಿರಲಿಲ್ಲವೆಂದರು. ಹೇಳು, ಹಾಗೇ ಹೇಳು ಅಂದರು. ಆಮೇಲೆ ಒಂದು ಮಾತು ಸೇರಿಸಿದರು.

"ಆ ಅನುವಾದಕನನ್ನ ಮಾತ್ರ ನೀನು ತೆಗೆಸಬಾರದಿತ್ತು."

"ನಾನು ತೆಗೆಸಿದ್ನಾ? ಅವರೇ ರಾಜೀನಾಮೆ ಕೊಟ್ರಲ್ಲ."

"ನೀನು ಕೇಳ್ಕೊಂಡೆ ಅಂತ ತೆಗೆದ್ವಿ ಅಂತ ನನಗೆ ಹೇಳಿದ್ರು."

ಇಬ್ಬರೂ ಒಟ್ಟಿಗೇ ಬಾಗಿಲ ಕಡೆ ನೋಡಿದರು. ಬಾಗಿಲ ಬಳಿ ನಿಂತಿದ್ದ ಆಪ್ತ ಕಾರ್ಯದರ್ಶಿ ಗೋಡೆಯ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ವಾಹಿನಿಯಲ್ಲಿದ್ದಾಗ ಯಾರೋ ಒಬ್ಬರು ಹೇಳಿದರೆಂದು ಎರಡು ಸಾಲಿನ ಸುದ್ದಿಯನ್ನೂ ಓದಿದವಳಲ್ಲ. ಇನ್ನೊಂದು ಕಡೆಯವರನ್ನು ಕೇಳಿದಿರಾ ಎಂದು ಹೊಸ ವರದಿಗಾರರನ್ನು ಗದರುತ್ತಿದ್ದವಳು. ತನ್ನ ಮನಸ್ಸಿನ ವಿಷಯದಲ್ಲಿ ಮಾತ್ರ ಒಬ್ಬರ ಮಾತು ಕೇಳಿ ತೀರ್ಪು ಬರೆದುಬಿಟ್ಟಿದ್ದಳು.

ಕಾರು ಕಿವುಡ ಮಕ್ಕಳ ಶಾಲೆಯ ಕಡೆ ತಿರುಗಿತು.

* * *

ಅವನು ತರಗತಿಯಲ್ಲಿದ್ದ. ಕಿಟಕಿಯಲ್ಲಿ ಅವಳ ಮುಖ ಕಂಡದ್ದೇ ಮಕ್ಕಳೆಲ್ಲ ಬೆರಳಾಡಿಸತೊಡಗಿದರು. ಟಿವಿಯಲ್ಲಿ ಬರುವವಳು! ಅವನು ತಿರುಗಿ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಹೊರಗೆ ಬಂದು ಕೈಕಟ್ಟಿ ನಿಂತ. ಆ ಕೈಗಳು ಹಾಗೆ ಮುಚ್ಚಿಕೊಂಡದ್ದು ಅವಳಿಗೆ ಚುಚ್ಚಿತು.

"ನಿಮ್ಮನ್ನ ನಾನು ತೆಗೆಸಿಲ್ಲ. ನೀವೇ ರಾಜೀನಾಮೆ ಕೊಟ್ರಿ ಅಂತ ನನಗೆ ಹೇಳಿದ್ರು," ಅಂದಳು.

"ನಾನು ರಾಜೀನಾಮೆ ಕೊಟ್ಟಿಲ್ಲ," ಅಂದ.

ಇಬ್ಬರಿಗೂ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಅವನ ಕಟ್ಟಿದ್ದ ಕೈಗಳು ಸಡಿಲವಾದವು.

ಆ ಬಡಾವಣೆಯಲ್ಲೇ ತಾನೂ ತಾಯಿಯೂ ಇರುವ ಮನೆ ಇದೆಯೆಂದು ಅವನು ಹೇಳಿದ. ಅವಳು ಓದುತ್ತಿದ್ದಾಗ ತಾಯಿ ಟಿವಿಯ ಮುಂದೆ ಕೂತಿರುತ್ತಾರೆಂದು ಅವನಿಗೆ ಗೊತ್ತಿತ್ತು. ಕೈ ತಾನಾಗಿಯೇ ಹಾಗೆ ಹೇಳಿಬಿಟ್ಟಿತ್ತು. ತಾಯಿ ಅದನ್ನು ನೋಡಿ ಬೀದಿಯ ಮನೆಮನೆಗೂ ಹೋಗಿ, ಬಾಗಿಲು ಬಡಿದು, ಸನ್ನೆ ಮಾಡಿ ಎಲ್ಲರೂ ನೀರು ಕುದಿಸುವಂತೆ ಮಾಡಿದ್ದರು.

"ಆದ್ರೂ ಅದು ತಪ್ಪು. ನಿಮ್ಮ ಮಾತು ಬದಲಾಯಿಸೋ ಹಕ್ಕು ನನಗಿಲ್ಲ. ಅಲ್ಲೇ ಕೈ ಇಳಿಸಿ ಹೊರಟುಬಿಡಬೇಕಿತ್ತು. ನಿಮ್ಮ ಪಕ್ಕದಿಂದ ಹೊರಟು ಹೋಗೋಕೆ... ಆಗ್ಲಿಲ್ಲ."

ಇದು ಬರಿ ಕೆಲಸದ ಮಾತಲ್ಲವೆಂದು ಅವಳ ಮನಸ್ಸು ಹೇಳಿತು. ಆದರೆ ಅದಕ್ಕೆ ಈಗ ಹೊತ್ತಲ್ಲ.

"ಓದಬಾರದ್ದನ್ನ ಓದಿದ್ದು ನಾನು. ಮಧ್ಯಾಹ್ನ ಸರಿಯಾದ್ದನ್ನ ಹೇಳ್ತೀನಿ. ಪಕ್ಕದಲ್ಲಿ ನೀವಿರ್ಬೇಕು. ಬರ್ತೀರಾ?"

ಅವನು ಒಳಗೆ ಹೋಗಿ ಮಕ್ಕಳಿಗೆ ಏನೋ ಹೇಳಿ ಬಂದ. ಮಕ್ಕಳು ಮೇಜು ಕುಟ್ಟಿ ಸಂಭ್ರಮಿಸಿದರು. ಏನು ಹೇಳಿದಿರಿ ಎಂದು ಕೇಳಿದರೆ, ಮಧ್ಯಾಹ್ನ ಗಣಿತ ಇಲ್ಲ ಅಂದೆ ಎಂದ.

ಅಂದಿನ ಗೋಷ್ಠಿಯಲ್ಲಿ ಅವಳು ಏನನ್ನೂ ಸುತ್ತಿ ಬಳಸಿ ಹೇಳಲಿಲ್ಲ. ಯಾವ ಕೊಳವೆ, ಯಾವ ಬೀದಿ, ಯಾರ ಜವಾಬ್ದಾರಿ ಎಲ್ಲ ಹೇಳಿದಳು. ಕೊನೆಗೆ ಕ್ಯಾಮೆರಾವನ್ನೇ ನೋಡುತ್ತಾ ಅಂದಳು.

"ನಿನ್ನೆ ನಾನು ಇಲ್ಲಿ ಓದಿದ್ದು ತಪ್ಪು. ನಿನ್ನೆ ನಿಮಗೆ ನಿಜ ಹೇಳಿದ್ದು ಇವರ ಕೈಗಳು."

ತನ್ನದೇ ಬಗ್ಗೆ ಬಂದ ಮಾತನ್ನು ಅನುವಾದ ಮಾಡಲು ಅವನು ಸಂಕೋಚದಿಂದ ತಡವರಿಸಿದ. ಅವಳು ಮುಂದಿನ ಮಾತಿಗೆ ಹೋಗಲೇ ಇಲ್ಲ. ಅವನು ಪೂರ್ತಿ ಹೇಳಿ ಮುಗಿಸುವವರೆಗೆ ಅವನ ಕಡೆ ತಿರುಗಿ ಕಾದಳು.

* * *

ಹೊಸ ಕೊಳವೆ ಬಂತು. ಆಸ್ಪತ್ರೆ ಸೇರಿದವರೆಲ್ಲ ಮನೆಗೆ ಮರಳಿದರು. ಪತ್ರಿಕೆಯವರು ಯಾರೂ ಹೋಗದ ಯಾವುದೋ ಇಲಾಖೆಗೆ ಆಪ್ತ ಕಾರ್ಯದರ್ಶಿಯನ್ನು ಸಚಿವೆ ಕಳಿಸಿದರು. ವಕ್ತಾರೆಯ ಕುರ್ಚಿ ಅಲುಗಾಡಲಿಲ್ಲ. ಬದಲಾಗಿ ಬೇರೆ ಇಲಾಖೆಗಳ ವಕ್ತಾರರೂ ತಮ್ಮ ಹೇಳಿಕೆಗಳನ್ನು ತಂದು ಅವಳಿಗೆ ತೋರಿಸತೊಡಗಿದರು.

ಅವಳು ಭಾನುವಾರಗಳಂದು ಅವನ ಶಾಲೆಗೆ ಹೋಗಿ, ಅಲ್ಲೇ ಉಳಿದು ಓದುವ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಸನ್ನೆ ಭಾಷೆ ಕಲಿಯತೊಡಗಿದಳು. ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. 'ಹಸಿವು' ಅನ್ನಲು ಹೋಗಿ 'ಕುದುರೆ' ಅಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು, ಬಿಡದೆ ಕಲಿತಳು.

ಒಂದು ಭಾನುವಾರ ಅವನ ತಾಯಿ ಅವಳನ್ನು ಮನೆಗೆ ಕರೆಸಿಕೊಂಡರು. ಚಿಕ್ಕ ಕೋಣೆ, ಕಿಟಕಿಯ ಬಳಿ ಹೊಲಿಗೆ ಯಂತ್ರ, ಹಗ್ಗದ ಮೇಲೆ ಅರ್ಧ ಹೊಲಿದ ಅಂಗಿಗಳು. ತಾಯಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಟಿವಿಯಲ್ಲಿ ಕಾಣುವುದಕ್ಕಿಂತ ಸಣ್ಣಗಿದ್ದೀಯ ಎಂದು ಬೆರಳಲ್ಲೇ ಆಕ್ಷೇಪಿಸಿದರು. ಕಾಫಿ ಕೊಟ್ಟರು. ಆಮೇಲೆ ಮಗನ ಕಡೆ ತಿರುಗಿ ಸರಸರನೆ ಏನೋ ಕೇಳಿದರು.

ಅವನ ಕಿವಿ ಕೆಂಪಾಯಿತು. ಎಷ್ಟೋ ಕ್ಯಾಮೆರಾಗಳ ಮುಂದೆ ಬೆದರದವನು ನೆಲ ನೋಡತೊಡಗಿದ.

"ಏನಂದ್ರು?" ಅವಳು ಕೇಳಿದಳು.

"ಕಾಫಿಗೆ ಸಕ್ಕರೆ ಸರಿಯಿದೆಯಾ ಅಂತ."

ಅವಳಿಗೆ ನಗು ಬಂತು. ಬೆರಳುಗಳು ಓಡಿದ ವೇಗಕ್ಕೆ ಎಲ್ಲವೂ ಸಿಕ್ಕಿರಲಿಲ್ಲ. ಸಿಕ್ಕಿದ್ದಷ್ಟು ಸಾಕಿತ್ತು. ಇವಳು ಬರೀ ಭಾಷೆ ಕಲಿಯೋಕೆ ಬರ್ತಾಳಾ, ಇಲ್ಲ ಈ ಮನೆಗೆ ಬರ್ತಾಳಾ?

ಲೋಟ ಕೆಳಗಿಟ್ಟು ಅವಳು ತಾಯಿಯ ಎದುರು ತಿರುಗಿ ಕೂತಳು. ಒಂದೊಂದೇ ಸನ್ನೆ ಹುಡುಕಿ ಜೋಡಿಸಿ ನಿಧಾನವಾಗಿ ಹೇಳಿದಳು. ಭಾಷೆ ಕಲಿಯೋಕೆ ಬಂದೆ. ಇವರು ಕೇಳಿದರೆ ಉಳಿಯುತ್ತೇನೆ.

ತಾಯಿ ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಬಾಯ್ತುಂಬ ನಗುತ್ತಾ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ಅವನು ತಲೆಯೆತ್ತಿದ.

"ಒಂದು ಸನ್ನೆ ತಪ್ಪಾಯ್ತು. 'ಕೇಳಿದರೆ' ಅನ್ನೋ ಕಡೆ 'ಬೇಡಿಕೊಂಡರೆ' ಅಂದ್ರಿ."

"ಪರವಾಗಿಲ್ಲ, ಅದೇ ಇರಲಿ. ಬೇಡಿಕೊಳ್ಳಿ."

ಅವನು ನಕ್ಕ. ನಗು ಮೆಲ್ಲಗೆ ಆರಿ, ದನಿ ತಗ್ಗಿತು.

"ಬೇರೆಯವರ ಮಾತು ಹೇಳೋದೇ ನನಗೆ ಅಭ್ಯಾಸ. ನಂದೇ ಮಾತು ಹೇಳ್ಬೇಕಾದಾಗ ಕೈಯೂ ಬರಲ್ಲ, ಬಾಯೂ ಬರಲ್ಲ. ನೀವು ಮಾತು ಮುಗಿಸಿ ಹಾಳೆ ಮಡಚೋವಾಗೆಲ್ಲ ಇನ್ನೊಂದು ಸಾಲು ಇರಬಾರದಾ ಅನ್ಸುತ್ತೆ. ನಿಮ್ಮ ಪಕ್ಕದಲ್ಲಿ ನಿಂತಿರೋಕೆ ಅಷ್ಟೇ... ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ಮಂಜಾಯಿತು. ದನಿ ಮಾತ್ರ ಅಲುಗಲಿಲ್ಲ.

"ಆಗ್ತೀನಿ. ಆದ್ರೆ ಮೇಡಂ ಅನ್ನೋದು ಬಿಡಬೇಕು."

"ಆಫೀಸಲ್ಲೂ?"

"ಆಫೀಸಲ್ಲಿ ಇರಲಿ. ಅಲ್ಲಿ ಕಷ್ಟಪಟ್ಟು ಸಂಪಾದಿಸಿದ್ದೀನಿ."

ಅವನು ಅವಳ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಇಷ್ಟು ದಿನ ದೂರದಿಂದಲೇ ನೋಡಿದ್ದ ಆ ಬೆರಳುಗಳು ಹೀಗೆ ಬೆಚ್ಚಗಿರುತ್ತವೆಂದು ಅವಳು ಎಣಿಸಿರಲಿಲ್ಲ.

"ಹೀಗೆ ಎರಡೂ ಕೈ ಹಿಡ್ಕೊಂಡ್ರೆ ಈ ಮನೆಯಲ್ಲಿ ನಾನು ಮಾತಾಡೋದು ಹೇಗೆ?"

"ಸ್ವಲ್ಪ ಹೊತ್ತು ಸುಮ್ಮನಿರು," ಅಂದ ಅವನು.

ಅವಳು ಸುಮ್ಮನಾದಳು.